ಏಳು ಕಲ್ಲಿನ ನೀರು

ಆ ಊರಿಗೆ ನೆಲವಿರಲಿಲ್ಲ. ಕೆರೆಯೆನ್ನಲು ತೀರಾ ದೊಡ್ಡದು, ಕಡಲೆನ್ನಲು ತೀರಾ ಸಾಧು, ಅಂಥ ಒಂದು ನೀರು. ಅದರ ಮೇಲೆ ಮುನ್ನೂರು ತೆಪ್ಪ. ತೆಪ್ಪಕ್ಕೊಂದು ಮನೆ, ಮನೆಗೊಂದು ಒಲೆ. ಒಂದು ತೆಪ್ಪದಿಂದ ಇನ್ನೊಂದಕ್ಕೆ ಹಗ್ಗ, ಅದರಿಂದ ಮತ್ತೊಂದಕ್ಕೆ ಹಗ್ಗ. ಕೆಲವು ತೆಪ್ಪಗಳಲ್ಲಿ ಮೂರು ಹಗ್ಗ ಕೂಡುತ್ತಿದ್ದವು, ಅವು ಕವಲುತೆಪ್ಪ. ಕವಲಿನಿಂದ ಕವಲು ಒಡೆದು ಒಡೆದು, ಒಂದೇ ಹಗ್ಗವಿರುವ ತೆಪ್ಪ ಬಂದರೆ ಅದು ಕೊನೆತೆಪ್ಪ. ಇದ್ದ ಹಗ್ಗ ಕಡಿಯಬಾರದು, ಇಲ್ಲದ ಹಗ್ಗ ಕಟ್ಟಬಾರದು. ಯಾರು ಯಾರಿಗೆ ಕಟ್ಟಿಕೊಂಡಿದ್ದರೋ ಅವರು ಅವರಿಗೇ. ಮಾತು ಬಿಟ್ಟು ವರ್ಷಗಳಾದವರೂ ಅದೇ ಹಗ್ಗದ ಎರಡು ತುದಿಯಲ್ಲಿ ತೇಲುತ್ತಿದ್ದರು.

ನೀರಿಗೆ ಮನಸ್ಸಿದೆ ಎಂದು ಊರು ನಂಬಿತ್ತು. ನೀರು ಒಲಿದಾಗ ತೆಪ್ಪಗಳು ಒಂದರಿಂದೊಂದು ದೂರ ಸರಿಯಬಹುದು, ಹಗ್ಗದ ಉದ್ದಕ್ಕೂ ಊರು ಕೊಂಬೆ ಚಾಚಿಕೊಳ್ಳಬಹುದು. ನೀರು ಮುನಿದಾಗ ಹುಳಿಯಾಗುತ್ತದೆ. ಹುಳಿನೀರು ಒಂಟಿಯಾಗಿ ಮೈ ತೋರಿದ ತೆಪ್ಪದ ಬೊಂಬನ್ನು ತಿನ್ನುತ್ತದೆ. ಒಂದಕ್ಕೊಂದು ಮೈ ತಾಗಿಸಿಕೊಂಡ ಬೊಂಬನ್ನು ತಿನ್ನುವುದಿಲ್ಲ. ಆದ್ದರಿಂದ ಮುನಿದ ನೀರಿನಲ್ಲಿ ಊರು ಮುದ್ದೆಯಾಗಿ ಕೂರಬೇಕು. ಎಷ್ಟು ಹರಡಬೇಕು, ಎಷ್ಟು ಮುದುಡಬೇಕು ಎಂಬುದನ್ನು ಮಾತ್ರ ಯಾರೂ ತಾವೇ ತೀರ್ಮಾನಿಸುವಂತಿರಲಿಲ್ಲ. ಮೊದಲು ಮಣಿ ಸರಿಯಬೇಕು, ಆಮೇಲೆ ತೆಪ್ಪ. ಅದು ಆ ಊರಿನ ಕಟ್ಟಳೆ.

ಮಣಿ ಸರಿಸುವವಳಿಗೆ ಮಣಿಯಮ್ಮ ಎಂದೇ ಹೆಸರು. ಅವಳ ಮನೆಯ ನಡುವೆ ಒಂದು ಹಲಸಿನ ಮರದ ಮರಿಗೆ, ಇಬ್ಬರು ಕೂತು ಮೀಯುವಷ್ಟು ಅಗಲ. ಮರಿಗೆಯ ತುಂಬ ಮರಳು, ಮರಳಿನ ಮೇಲೆ ದಾರಕ್ಕೆ ಪೋಣಿಸಿದ ಮುನ್ನೂರು ಮಣಿ. ಊರು ಹೇಗೆ ಕವಲೊಡೆದಿತ್ತೋ ದಾರವೂ ಹಾಗೇ ಕವಲೊಡೆದಿತ್ತು. ಎಲ್ಲರಿಗೂ ಮರದ ಮಣಿ, ಕೊನೆತೆಪ್ಪಗಳಿಗೆ ಮಾತ್ರ ಗುಲಗಂಜಿ.

ಬೆಳಗಾಗುತ್ತಲೇ ಅವಳು ಕವಡೆ ಎಸೆಯುತ್ತಿದ್ದಳು. ಮೊದಲ ಎಸೆತ ಯಾವ ಮಣಿ ಎಂದು ಹೇಳುತ್ತಿತ್ತು. ಎರಡನೆಯ ಎಸೆತ ಯಾವ ದಿಕ್ಕು ಎಂದು ಹೇಳುತ್ತಿತ್ತು. ಆ ಮಣಿಯನ್ನು ಆ ದಿಕ್ಕಿಗೆ ಒಂದು ಬೆರಳು ಸರಿಸಬೇಕು. ಸರಿದ ಮಣಿ ಉಳಿದವುಗಳ ಹತ್ತಿರ ಬಂತೋ, ಅಲ್ಲೇ ಇರಲಿ. ದೂರ ಹೋಯಿತೋ, ಆಗ ಮೂರನೆಯ ಎಸೆತ, ಹತ್ತು ಕವಡೆ ಒಟ್ಟಿಗೆ. ಅಂಗಾತ ಬಿದ್ದ ಕವಡೆ ಆ ದಿನ ಹೊಸಿಲ ಮೇಲೆ ಇಟ್ಟ ಕಲ್ಲುಗಳ ಎಣಿಕೆಗಿಂತ ಹೆಚ್ಚಿದ್ದರೆ ಮಣಿ ಹೊರಗೇ ಉಳಿಯಬಹುದು. ಇಲ್ಲವಾದರೆ ಇದ್ದಲ್ಲಿಗೇ ವಾಪಸು. ಹೀಗೆ ಸಾವಿರ ಸಲ. ಮೊದಲ ನೂರು ಸಲ ಬರೀ ನಿನ್ನೆಯ ಆಕಾರವನ್ನು ಮರೆಯಲಿಕ್ಕೆ. ಸಾವಿರ ಮುಗಿದ ಮೇಲೆ ಶಂಖ. ಮನೆಗೊಬ್ಬರು ಬಂದು ತಮ್ಮ ಮಣಿ ಎಲ್ಲಿದೆ ಎಂದು ಬಗ್ಗಿ ನೋಡಿ, ಹೋಗಿ ಗಳೆ ಹಾಕಿ ತೆಪ್ಪ ಸರಿಸುತ್ತಿದ್ದರು.

ಮರಿಗೆಯಲ್ಲಿ ನೀರಿರಲಿಲ್ಲ ಎಂಬುದನ್ನು ಗಮನಿಸಬೇಕು. ನೀರಿನ ಬದಲು ಇದ್ದದ್ದು ಹೊಸಿಲ ಮೇಲಿನ ಕಲ್ಲುಗಳು. ಅಷ್ಟು ದೊಡ್ಡ ನೀರಿನ ಅಷ್ಟೂ ಮನಸ್ಸು ಆ ಕೆಲವು ಕಲ್ಲುಗಳಲ್ಲಿ ಅಡಗಿತ್ತು. ಕಲ್ಲಿಡುತ್ತಿದ್ದವನು ರುಚಿಗಾರ. ಅವನು ದಿನವೂ ಬೆಳಿಗ್ಗೆ ಊರಿನ ಅಂಚಿನಲ್ಲಿ ಕೂತು, ನೀರಿಗೆ ಬೆರಳದ್ದಿ, ನಾಲಿಗೆಗಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದ. ನೀರು ಸಿಹಿಯಾಗಿದ್ದರೆ ಕಲ್ಲಿಲ್ಲ, ಎಷ್ಟು ಹುಳಿಯೋ ಅಷ್ಟು ಕಲ್ಲು.

ಮಣಿಯಮ್ಮ ನೀರು ಮುಟ್ಟುವಂತಿರಲಿಲ್ಲ. ನೀರಿನ ರುಚಿ ತಿಳಿದ ಕೈ ಕವಡೆಯ ಮಾತು ಕೇಳುವುದಿಲ್ಲ, ತನಗೆ ಬೇಕಾದ ಕಡೆ ಮಣಿ ತಳ್ಳುತ್ತದೆ ಎಂದು ಹಿಂದಿನವರು ಹೇಳಿದ್ದರು. ಅವಳಿಗೆ ಕುಡಿಯಲು, ಮೀಯಲು, ಅನ್ನ ಬೇಯಿಸಲು ಹಂಡೆಯಲ್ಲಿ ಹಿಡಿದ ಮಳೆನೀರು. ತಾಯಿ ತಂದೆ ಇಲ್ಲದ ಅವಳನ್ನೂ ಅವಳ ತಂಗಿಯನ್ನೂ ಸಾಕಿದವನು ರುಚಿಗಾರನೇ. ಹಿರಿಯವಳ ಕೈ ನಿಧಾನ, ಕಣ್ಣು ನೇರ ಎಂದು ಕಂಡು ಅವಳಿಗೆ ಕವಡೆ ಹಿಡಿಯುವುದನ್ನು ಕಲಿಸಿದ. ತೆಪ್ಪದಿಂದ ತೆಪ್ಪಕ್ಕೆ ದಾಟುವಾಗ ಅವಳ ಕಾಲಿಗೆ ಹನಿ ಸಿಡಿಯದಿರಲೆಂದು ಹೆಗಲ ಮೇಲೆ ಹೊತ್ತು ನಡೆದ. ಅವಳು ಅವನನ್ನು ಅಯ್ಯ ಎನ್ನುತ್ತಿದ್ದಳು, ಅಯ್ಯ ಇಟ್ಟ ಕಲ್ಲನ್ನು ಒಮ್ಮೆಯೂ ಮರುಪ್ರಶ್ನಿಸಿದವಳಲ್ಲ. ಸೂಜಿ ಕಳೆದರೂ ಪಕ್ಕದವರನ್ನು ಅನುಮಾನಿಸುವ ಊರು ಅದು. ಆದರೆ ಮಣಿಯಮ್ಮನ ಕೈಯನ್ನು ಯಾರೂ ಅನುಮಾನಿಸುತ್ತಿರಲಿಲ್ಲ, ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಬಹಳ ವರ್ಷಗಳಿಂದ ಕಲ್ಲು ಏಳು.

ಏಳು ಕಲ್ಲಿದ್ದಾಗ ಹತ್ತರಲ್ಲಿ ಎಂಟು ಕವಡೆ ಅಂಗಾತ ಬಿದ್ದರೆ ಮಾತ್ರ ಮಣಿ ಹೊರಗೆ ಉಳಿಯಬೇಕು, ಅದು ಅಪರೂಪ. ಒಳಗೆ ಬಂದದ್ದು ಒಳಗೇ. ಮಣಿಗಳೆಲ್ಲ ಮರಿಗೆಯ ನಡುವೆ ಉಂಡೆ ಕಟ್ಟಿದವು, ಊರೂ ಉಂಡೆ ಕಟ್ಟಿತು. ತೆಪ್ಪಕ್ಕೆ ತೆಪ್ಪ ತಾಗಿ ಸಂದಿನಲ್ಲಿ ನೀರೇ ಕಾಣದಾಯಿತು. ನಡುತೆಪ್ಪದ ಯಜಮಾನ ಚಪ್ಪಲಿ ಮೆಟ್ಟಿಕೊಂಡೇ ಊರೆಲ್ಲ ಸುತ್ತಿ ಬರುತ್ತಿದ್ದ. ಅಂಚಿನವರಿಗೆ ಮೀನು ಸಿಕ್ಕಿತು, ಒಳಗಿನವರಿಗೆ ಗಾಳಿಯ ಹೊಡೆತ ತಪ್ಪಿತು. ಕಷ್ಟವಾದದ್ದು ಒಳಗೆ ಮಡಚಿಕೊಂಡ ಕೊನೆತೆಪ್ಪಗಳಿಗೆ. ಹೊರಗಿರಬೇಕಾದ ತುದಿ ಒಮ್ಮೆ ಉಂಡೆಯ ನಡುವೆ ಸಿಕ್ಕಿಕೊಂಡರೆ ಬಿಡುಗಡೆಯಿಲ್ಲ. ಅದು ಹೊರಬರಲು ಅದರ ಹಿಂದಿನ ಹತ್ತು ಮಣಿ ಸಾಲಾಗಿ ಹೊರಗೆ ಸರಿಯಬೇಕು. ಏಳು ಕಲ್ಲಿನ ಎದುರು ಅದು ನಡೆಯುವ ಮಾತಲ್ಲ.

ಹಾಗೆ ಸಿಕ್ಕಿಕೊಂಡದ್ದು ಮಣಿಯಮ್ಮನ ತಂಗಿಯ ತೆಪ್ಪ.

ತಂಗಿ ಒಂದು ಬೆಳಿಗ್ಗೆ ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡು ಬಂದಳು. ಮಗುವಿಗೆ ಮೂರು ವರ್ಷ. ಕೆಮ್ಮಿದರೆ ಪಕ್ಕೆಲುಬು ಎಣಿಸಬಹುದಿತ್ತು.

"ಅಕ್ಕಾ, ಇದರ ಕೆಮ್ಮು ನಿಲ್ತಿಲ್ಲ. ಸುತ್ತ ಹನ್ನೆರಡು ಒಲೆ ಹೊಗೆ ನಮ್ಮನೆಗೇ ಬರುತ್ತೆ. ಗಾಳಿ ಅನ್ನೋದೇ ಇಲ್ಲ. ನನ್ನ ಮಣಿನ ಒಂದಿಷ್ಟು ಹೊರಗಿಡು."

"ನಾನು ಇಡಲ್ಲ ಕಣೇ. ಕವಡೆ ಇಡುತ್ತೆ."

"ಕವಡೆ ಎಸೆಯೋ ಕೈ ನಿಂದೇ ಅಲ್ವಾ?"

"ಅದಕ್ಕೇ ಇಡಲ್ಲ," ಎಂದಳು ಮಣಿಯಮ್ಮ.

ತಂಗಿ ಹೋದ ಮೇಲೆ ಅವಳು ಕವಡೆ ಎಸೆದಳು. ಆ ದಿನ ತಂಗಿಯ ಗುಲಗಂಜಿ ಎರಡು ಸಲ ಹೊರಗೆ ಸರಿಯಲು ನೋಡಿತು. ಮೊದಲ ಸಲ ಐದು ಕವಡೆ ಅಂಗಾತ, ಎರಡನೆಯ ಸಲ ಏಳು. ಏಳಕ್ಕೆ ಏಳು ಸಾಲದು, ಹೆಚ್ಚಬೇಕು. ಅವಳ ಬೆರಳು ಗುಲಗಂಜಿಯ ಮೇಲೆ ಕೊಂಚ ಹೊತ್ತು ನಿಂತಿತು. ಆಮೇಲೆ ಅದನ್ನು ಇದ್ದಲ್ಲಿಗೇ ತಂದಿಟ್ಟಿತು. ತನ್ನ ಕೈ ಸೋಲಲಿಲ್ಲ ಎಂದು ಹೆಮ್ಮೆಪಟ್ಟಳು.

ತಂಗಿ ಮತ್ತೆ ಬಂದಳು.

"ಅಕ್ಕಾ, ನೀರು ಹುಳಿ ಇಲ್ಲ."

"ಅದನ್ನ ಹೇಳೋಕೆ ಅಯ್ಯ ಇದಾರೆ."

"ನಾನು ದಿನಾ ಕುಡೀತೀನಲ್ಲ."

"ನೀನು ಕುಡಿಯೋದು ಬಾಯಾರಿಕೆಗೆ. ಅಯ್ಯ ನೋಡೋ ಹುಳಿ ಬೇರೆ. ಅದು ನಿನ್ನ ನನ್ನ ನಾಲಿಗೆಗೆ ಎಟುಕೋದಲ್ಲ."

"ಒಂದೇ ಒಂದು ಸಲ ನೀನೇ ಬಾಯಿಗೆ ಹಾಕ್ಕೊಂಡು ನೋಡು. ಅಷ್ಟು ಮಾಡು ಸಾಕು."

"ನೋಡಿದ ಕೈ ಆಮೇಲೆ ಯಾತಕ್ಕೂ ಬರಲ್ಲ."

"ನೋಡದೇ ಇರೋ ಕೈ ನನ್ನ ಮಗಳಿಗೆ ಯಾತಕ್ಕೆ ಬಂತು?" ಎಂದು ತಂಗಿ ಎದ್ದು ಹೋದಳು.

ಮೂರನೆಯ ಸಲ ಬಂದಾಗ ಅವಳು ಕೇಳಲಿಲ್ಲ, ಬೇಡಲಿಲ್ಲ. ಒಂದು ಪುಟ್ಟ ಗಡಿಗೆಯ ತುಂಬ ನೀರು ತಂದು, ತಾವರೆ ಎಲೆ ಮುಚ್ಚಿ, ದಾರ ಬಿಗಿದು, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಮಗು ಮರಿಗೆಯ ಅಂಚು ಹಿಡಿದು ನಿಂತು, "ಇದು ನಮ್ಮನೆ," ಎಂದು ಗುಲಗಂಜಿಯನ್ನು ತೋರಿಸಿತು. "ಹೌದು ಕಂದ," ಎಂದಳು ಮಣಿಯಮ್ಮ. ಮಗು ಕೆಮ್ಮುತ್ತ ನಕ್ಕಿತು.

ಮಾರನೆಯ ಮಧ್ಯಾಹ್ನ ಊರೇ ಅವಳ ಬಾಗಿಲಿಗೆ ಬಂತು. ತಂಗಿ ಹಗ್ಗ ಕಡಿದುಕೊಂಡು ಹೋಗಿದ್ದಳು. ಉಂಡೆಯ ನಡುವೆ ಅವಳ ತೆಪ್ಪವಿದ್ದ ಕಡೆ ಚೌಕಾಕಾರದ ನೀರು, ಅದರಲ್ಲಿ ಒಂದು ತುಂಡು ಆಕಾಶ. ಯಜಮಾನ ತಲೆಯಲ್ಲಾಡಿಸಿದ. ಪಕ್ಕದ ತೆಪ್ಪದ ಬಲೆಗಾರ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಡಹುಟ್ಟಿದವಳಿಗೇ ಕೈ ಕೊಟ್ಟಳಲ್ಲಮ್ಮ. ನಿನ್ನ ಮುಖನಾದರೂ ನೋಡಬೇಕಾಗಿತ್ತು," ಎಂದಳು. ಎಲ್ಲರೂ ಹೌದೆಂದರು. ಒಂದು ಮಾತು ಹೇಳದೆ ಹೋದಳಲ್ಲ ಎಂಬ ಸಿಟ್ಟಿನಲ್ಲಿ ಮಣಿಯಮ್ಮ, ಹಗ್ಗ ಕಡಿದವರಿಗೆ ಮಾಡುವ ಹಾಗೆ, ದಾರದಿಂದ ಗುಲಗಂಜಿಯನ್ನು ಕಿತ್ತು ಮರಿಗೆಯ ಮರಳಿನ ತಳದಲ್ಲಿ ಹೂತಳು. ಸಂಜೆಯೊಳಗೆ ಇತರ ತೆಪ್ಪಗಳು ಸರಿದು ಆ ಚೌಕವನ್ನು ಮುಚ್ಚಿದವು. ಗಡಿಗೆ ಮಾತ್ರ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಅವಳು ಮುಟ್ಟುವಂತಿಲ್ಲ, ಬೇರೆಯವರಿಗೆ ಅದು ಬೇಕಿಲ್ಲ.

ಇಪ್ಪತ್ತು ದಿನ ಕಳೆದು ಶಂಖ ತೊಳೆಯುವ ದಿನ ಬಂತು. ಆ ದಿನ ಕವಡೆಗೆ ಬಿಡುವು. ಮಣಿಯಮ್ಮ ಪಾಯಸ ಮಾಡಿ ರುಚಿಗಾರನಿಗೆ ಬಡಿಸಬೇಕು, ಅದು ವಾಡಿಕೆ. ಅವಳ ಕೈ ಒಲೆಯ ಮುಂದಿತ್ತು, ಮನಸ್ಸು ಮಗುವಿನ ಕೆಮ್ಮಿನ ಹಿಂದೆ ಹೋಗಿತ್ತು. ರುಚಿಗಾರ ಚಾಪೆಯ ಮೇಲೆ ಕೂತು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ.

"ಹದವಾಗಿದೆ ಮಗಳೇ. ಬೆಲ್ಲ ಒಂದು ಚೂರು ಮುಂದಾಯ್ತು, ಆದರೂ ಹದ."

ಅವಳೂ ತನ್ನ ಬಟ್ಟಲನ್ನು ಬಾಯಿಗಿಟ್ಟಳು. ಉಪ್ಪು. ಬೆಲ್ಲದ ಡಬ್ಬಿಯ ಬದಲು ಉಪ್ಪಿನ ಮಡಕೆಗೆ ಕೈ ಹಾಕಿದ್ದಳು. ಎರಡು ಹಿಡಿ ಉಪ್ಪು ಸುರಿದ ಆ ಪಾಯಸವನ್ನು ನಾಯಿಯೂ ಮೂಸುವಂತಿರಲಿಲ್ಲ.

ಅವಳು ಬಟ್ಟಲು ಕೆಳಗಿಟ್ಟಳು. ಅವನ ಬಾಯನ್ನೇ ನೋಡಿದಳು.

"ಅಯ್ಯ, ಯಾವಾಗಿಂದ?"

ಏನು ಯಾವಾಗಿಂದ ಎಂದು ಅವನು ಕೇಳಲಿಲ್ಲ. ಅಷ್ಟು ಮಟ್ಟಿಗೆ ಮನುಷ್ಯ ನೇರ.

"ನಂಗೆ ಜ್ವರ ಬಂದಿತ್ತಲ್ಲ, ನೀನು ಕವಡೆ ಹಿಡಿದ ಎರಡನೇ ವರ್ಷ. ಜ್ವರ ಇಳೀತು. ನಾಲಿಗೆ ವಾಪಸು ಬರಲಿಲ್ಲ."

"ಹದಿಮೂರು ವರ್ಷ ಆಯ್ತು."

"ಆಗಿರಬೇಕು."

"ಏಳೇ ಯಾಕೆ?"

"ಜ್ವರದ ಹಿಂದಿನ ದಿನ ಏಳಿತ್ತು. ಕಡಿಮೆ ಇಟ್ಟು, ನೀರು ಹುಳಿ ಇದ್ದುಬಿಟ್ಟರೆ ಬೊಂಬು ಹೋಗುತ್ತೆ. ಹೆಚ್ಚಿಟ್ಟರೆ ಯಾರಿಗೇನು ನಷ್ಟ ಅಂದ್ಕೊಂಡೆ."

"ನಂಗಾದರೂ ಹೇಳಬಹುದಿತ್ತಲ್ಲ ಅಯ್ಯ."

ಅವನು ಖಾಲಿ ಬಟ್ಟಲನ್ನು ತಿರುಗಿಸುತ್ತ ಕೂತ. "ಹೇಳಿದ್ದರೆ ಈ ಹೊಸಿಲಿಗೆ ಬೇರೆ ಯಾರೋ ಬರ್ತಿದ್ದರು. ದಿನಾ ಬೆಳಿಗ್ಗೆ ನಿನ್ನ ಮುಖ ನೋಡೋದು ತಪ್ಪಿಹೋಗ್ತಿತ್ತು ಮಗಳೇ."

ಪ್ರೀತಿಯ ಮಾತೇ ಅದು, ಸುಳ್ಳಲ್ಲ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಹದಿಮೂರು ವರ್ಷ ದಿನಕ್ಕೆ ಸಾವಿರ ಸಲ ಎಸೆದ ಕವಡೆ, ತಡೆದ ಬೆರಳು, ತಂಗಿಗೆ ಹೇಳಿದ ಇಲ್ಲ, ಎಲ್ಲವೂ ಸತ್ತ ನಾಲಿಗೆಯೊಂದರ ಮೇಲೆ ನಿಂತಿದ್ದವು. ಅವಳು ಎದ್ದು ಕಿಟಕಿಯ ಬಳಿ ಹೋದಳು. ಗಡಿಗೆಯ ದಾರ ಬಿಚ್ಚಿದಳು. ತಾವರೆ ಎಲೆ ಒಣಗಿ ಕೈಯಲ್ಲೇ ಪುಡಿಯಾಯಿತು.

"ಮುಟ್ಟಬೇಡ," ಎಂದ ರುಚಿಗಾರ.

ಅವಳು ಕುಡಿದಳು. ನೀರು ಸಿಹಿಯಾಗಿತ್ತು. ಮಳೆನೀರಿಗಿಂತ ಸಿಹಿ, ಇಪ್ಪತ್ತು ದಿನ ಕೂತ ಮೇಲೂ ಸಿಹಿ. ಗಡಿಗೆ ಖಾಲಿಯಾಗುವವರೆಗೂ ಕುಡಿದಳು. ಆಮೇಲೆ ಅಲ್ಲೇ ಗೋಡೆಗೊರಗಿ ಅತ್ತಳು. ರುಚಿಗಾರ ಬಟ್ಟಲನ್ನು ಹಿಡಿದುಕೊಂಡು ಯಾವಾಗ ಎದ್ದು ಹೋದನೋ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಹೊಸಿಲ ಮೇಲೆ ಏಳು ಕಲ್ಲಿದ್ದವು. ಬೇರೆ ಎಷ್ಟಿಡಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ. ಅವಳು ಏಳನ್ನೂ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಬರಿಯ ಹೊಸಿಲನ್ನು ನೋಡಿಕೊಂಡು ಕವಡೆ ಎಸೆದಳು. ಯಾವ ಮಣಿ, ಯಾವ ದಿಕ್ಕು, ಉಳಿಯುವುದೇ ಮರಳುವುದೇ. ಒಂದು ಕವಡೆ ಅಂಗಾತ ಬಿದ್ದರೂ ಸಾಕು, ಉಳಿಯಿತು. ಮತ್ತೆ ಎಸೆದಳು, ಮತ್ತೆ ಉಳಿಯಿತು. ನೂರು ಎಸೆತಕ್ಕೆ ಉಂಡೆ ಸಡಿಲವಾಯಿತು. ಐನೂರಕ್ಕೆ ಕವಲುಗಳು ಬೇರೆ ಬೇರೆಯಾಗಿ ಕಂಡವು. ಸಾವಿರಕ್ಕೆ ಮರಿಗೆಯ ಅಂಚಿನಿಂದ ಅಂಚಿಗೆ ಊರು ಹರಡಿಕೊಂಡು ಮಲಗಿತ್ತು, ಬೇರು ಕೊಂಬೆ ಸಮೇತ ಕಿತ್ತು ಇಟ್ಟ ಗಿಡದ ಹಾಗೆ. ತನ್ನ ಊರು ಇಷ್ಟು ಚೆನ್ನಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಗುಲಗಂಜಿ ಕಿತ್ತ ಕಡೆ ದಾರದ ತುದಿ ಬರಿದಾಗಿ ಮರಳಿನ ಮೇಲೆ ಬಿದ್ದಿತ್ತು.

ಅವಳು ಶಂಖ ಊದಿದಳು. ಮನೆಗೊಬ್ಬರು ಬಂದರು, ಬಗ್ಗಿ ನೋಡಿದರು, ಹೊರಗೆ ಹೋದರು. ಗಳೆಯ ಸದ್ದು ಕೇಳಿಸಲಿಲ್ಲ. ಅವಳು ಬಾಗಿಲಿಗೆ ಬಂದಳು. ಎಲ್ಲರೂ ತಮ್ಮ ತಮ್ಮ ತೆಪ್ಪದ ಮೇಲೆ ಕೈ ಕಟ್ಟಿ ನಿಂತು ಅವಳನ್ನೇ ನೋಡುತ್ತಿದ್ದರು. ಒಂದು ಹಗ್ಗವೂ ಅಲುಗಿರಲಿಲ್ಲ.

"ಶಂಖ ಕೇಳಿಸಲಿಲ್ವಾ?" ಎಂದಳು.

"ಕೇಳಿಸಿತಮ್ಮ," ಎಂದ ಯಜಮಾನ, ಮೃದುವಾಗಿ. "ಇವತ್ತು ನಿನಗೆ ಮೈ ಸರಿ ಇಲ್ಲ. ನಾಳೆ ಸರಿಯಾಗಿ ಆಡಿ ಊದು."

"ನೀರು ಸಿಹಿ ಇದೆ."

"ಗೊತ್ತು."

ಯಜಮಾನನೇ ಮುಂದುವರಿದ. "ನಾವೆಲ್ಲ ದಿನಾ ಕುಡಿಯೋದು ಅದನ್ನೇ ಅಲ್ವೇನಮ್ಮ? ಹುಟ್ಟಿದ ಮಗುವಿಗೂ ಗೊತ್ತು."

ಹೌದು, ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಅವಳೊಬ್ಬಳೇ. ಅವಳಿಗೆ ಗೊತ್ತಾಗದಿರಲೆಂದೇ ಊರೆಲ್ಲ ಸೇರಿ ಹಂಡೆಗೆ ಮಳೆನೀರು ತುಂಬುತ್ತಿತ್ತು.

"ಗೊತ್ತಿದ್ದೂ ನನ್ನ ಕೈಲಿ ಯಾಕೆ ಆಡಿಸಿದಿರಿ?"

"ಹೀಗೇ ಇರೋದು ನಮಗೆ ಒಗ್ಗಿಹೋಗಿದೆ. ಬಿಚ್ಚಿಕೊಂಡರೆ ಯಾರ ತೆಪ್ಪ ಗಾಳಿಗೆ ಸಿಗುತ್ತೋ ಯಾರು ಕಂಡವರು? ನಾನೇ ಹೇಳಿದ್ದರೆ ಜಗಳ ಆಗ್ತಿತ್ತು. ಸಿಕ್ಕಿಹಾಕ್ಕೊಂಡವರು ನನ್ನ ಕುತ್ತಿಗೆಗೆ ಬರ್ತಿದ್ದರು. ನೀನು ಆಡಿದರೆ ಯಾರೂ ಸೊಲ್ಲೆತ್ತಲ್ಲ. ನಿನ್ನ ಕೈ ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ನಂಬಿಕೆ."

ಅವಳು ಗುಂಪಿನಲ್ಲಿ ಬಲೆಗಾರ್ತಿಯನ್ನು ಹುಡುಕಿದಳು. "ನಡುವೆ ಸಿಕ್ಕಿದ ತೆಪ್ಪ ಹೊರಗೆ ಹೇಗೆ ಹೋಯ್ತು?" ಎಂದು ಕೇಳಿದಳು. ಇಷ್ಟು ದಿನ ಸಿಟ್ಟಿನಲ್ಲಿ ಈ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

ಬಲೆಗಾರ್ತಿ ಕೈಯ ಬಲೆ ನೋಡುತ್ತ ಹೇಳಿದಳು. "ಬೊಂಬು ಬಿಚ್ಚಿ, ಒಂದೊಂದೇ ಹೊತ್ತು ಅಂಚಿಗೆ ತಂದು ಕಟ್ಟಿಕೊಂಡಳು. ಹಾಡುಹಗಲೇ. ನಾವೂ ನಾಲ್ಕು ಬೊಂಬು ಹೊತ್ತುಕೊಟ್ವಿ. ಮಗು ಕೆಮ್ಮು ಕೇಳೋಕಾಗ್ತಿರಲಿಲ್ಲ. ಜೊಂಡು ಬೆಳೆದಿರೋ ಕಡೆ ಗಾಳಿ ಚೆನ್ನಾಗಿದೆ ಅಂತ ದಾರಿ ತೋರಿಸಿದ್ದೂ ನಾನೇ."

"ಆಮೇಲೆ ನನ್ನ ಬಾಗಿಲಿಗೆ ಬಂದು ಅತ್ತೆಯಲ್ಲ."

"ಏನು ಮಾಡಲಿ, ಎಲ್ಲರೂ ಬಂದಿದ್ದರು."

ಮಣಿಯಮ್ಮ ಒಳಗೆ ಹೋದಳು. ಮರಿಗೆಯ ಒಂದು ಅಂಚಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಮರಳು, ದಾರ, ಮುನ್ನೂರರಷ್ಟು ಮಣಿ, ಅಷ್ಟು ಚಂದದ ಊರು, ಎಲ್ಲ ನೆಲಕ್ಕೆ ಸುರಿಯಿತು. ಮರಳಿನ ತಳದಿಂದ ಗುಲಗಂಜಿ ಉರುಳಿ ಬಂತು. ಅದನ್ನು ಬಾಯಲ್ಲಿ ಕಚ್ಚಿಕೊಂಡು, ಖಾಲಿ ಮರಿಗೆಯನ್ನು ದರದರ ಎಳೆದುಕೊಂಡು ಹೊರಗೆ ಬಂದಳು. ತೆಪ್ಪದಿಂದ ತೆಪ್ಪಕ್ಕೆ, ಒಲೆಗಳ ಪಕ್ಕದಿಂದ, ಕೈ ಕಟ್ಟಿ ನಿಂತವರ ನಡುವಿನಿಂದ ಎಳೆದಳು. ಬೊಂಬು ಹೊರಲು ಕೈ ಕೊಟ್ಟವರು ಈಗ ಕೈ ಕೊಡಲಿಲ್ಲ.

ಊರಿನ ಅಂಚಿನಲ್ಲಿ ರುಚಿಗಾರ ಕೂತಿದ್ದ. ಅವಳು ಸೆರಗಿನ ಗಂಟು ಬಿಚ್ಚಿ ಏಳು ಕಲ್ಲನ್ನೂ ಅವನ ಮಡಿಲಿಗೆ ಹಾಕಿದಳು. ಅವನು ತಲೆ ಎತ್ತಲಿಲ್ಲ.

"ಒದ್ದೆಯಾಗ್ತೀಯ ಮಗಳೇ," ಎಂದ.

ಅವಳು ಮರಿಗೆಯನ್ನು ನೀರಿಗೆ ನೂಕಿ ಒಳಗೆ ಕೂತಳು. ಹುಟ್ಟು ಇರಲಿಲ್ಲ. ಎರಡೂ ಅಂಗೈಯನ್ನು ನೀರಿಗೆ ಇಳಿಸಿದಳು. ತಣ್ಣಗಿತ್ತು. ದಂಡೆಯಿಲ್ಲದ ಆ ಊರಿನ ಅಂಚಿನಿಂದ ಎಲ್ಲರೂ ಒಟ್ಟಿಗೆ, "ಮುಟ್ಟಬೇಡ, ಮುಟ್ಟಬೇಡ," ಎಂದರು. ಅವತ್ತು ಬೆಳಿಗ್ಗೆ ಅದರಲ್ಲೇ ಮುಖ ತೊಳೆದು ಬಂದ ಜನ.

ದಿಕ್ಕು ಕೇಳಲು ಕವಡೆ ಇರಲಿಲ್ಲ. ಜೊಂಡು ಎಲ್ಲಿದೆಯೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ತಾನೇ ನೋಡಿದಳು, ಆ ಕಡೆಗೆ ಕೈ ಹಾಕಿದಳು. ಬಹಳ ದೂರ ಬಂದ ಮೇಲೆ ಒಮ್ಮೆ ತಿರುಗಿದಳು. ತಾನು ಹದಿಮೂರು ವರ್ಷ ಮರಳಿನಲ್ಲಿ ಮಾಡಿದ ಉಂಡೆ ನೀರಿನ ಮೇಲೆ ಹೊಗೆಯಾಡುತ್ತಿತ್ತು. ಅದರಲ್ಲಿ ತನ್ನ ಮನೆ ಯಾವುದೆಂದು ಗುರುತಾಗಲಿಲ್ಲ.

ಮತ್ತೆ ತಿರುಗಿ ನೋಡಲಿಲ್ಲ. ತಂಗಿ ಸಿಗುತ್ತಾಳೋ ಇಲ್ಲವೋ, ಸಿಕ್ಕರೂ ಮಾತಾಡಿಸುತ್ತಾಳೋ ಇಲ್ಲವೋ. ಗುಲಗಂಜಿಯನ್ನು ಬಾಯಿಂದ ತೆಗೆದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಹೇಳಬೇಕಾದ ಮಾತು ಒಂದೇ ಇತ್ತು. ಮರೆತುಹೋಗದಿರಲೆಂದು, ಅಂಗೈ ನೀರಿಗೆ ಬಿದ್ದಾಗಲೆಲ್ಲ ಅದನ್ನೇ ಹೇಳಿಕೊಳ್ಳುತ್ತ ಹೋದಳು:

"ಕುಡಿದೆ ಕಣೇ. ಕುಡಿದೆ."